ಉಪಾಧ್ಯಾಯನ ಕಾಯಕ, ಊರಿನ ದಾಸೋಹ

 

ಇಂತಹ ಮಹೋತ್ಸವಗಳಲ್ಲಿ ಗುರುಮಹಿಮೆಯನ್ನು ಕೊಂಡಾಡುವುದು ಹಿಂದಿನಿಂದ ಬಂದಿರುವ ಸಂಪ್ರದಾಯ. ದೀಕ್ಷಾಗುರು, ಶಿಕ್ಷಾಗುರು, ಮೋಕ್ಷಗುರು ಎಂದು ಗುರುವಿನಲ್ಲಿ ಮೂರು ಬಗೆಯನ್ನು ಶಾಸ್ತ್ರವು ಹೇಳುವುದು. ಶಿಕ್ಷಾಗುರುವೆಂಬ ಮಾತು ತತ್ತ್ವೋಪದೇಶಕ್ಕೆ ಸಂಬಂಧಪಟ್ಟುದೇ ಸರಿ. ಆದರೆ ಉಪದೇಶವನ್ನು ಕೇಳಿ ತಿಳಿಯುವುದಕ್ಕೂ, ಗ್ರಂಥವನ್ನು ಬಿಚ್ಚಿ ಓದುವುದಕ್ಕೂ ಮುಂಚೆ, ಮಗುವಿನ ಬೆರಳನ್ನು ಹಿಡಿದು ಅಕ್ಷರವನ್ನು ತಿದ್ದಿಸಿದವನೊಬ್ಬನು ಇದ್ದೇ ಇರುವನು. ಅವನ ಹೆಸರನ್ನು ಯಾವ ಮಂಗಳಶ್ಲೋಕವೂ ಹೇಳುವುದಿಲ್ಲ. ಯಾವ ಪಲ್ಲಕ್ಕಿಯೂ ಅವನ ಮನೆಯ ಮುಂದೆ ನಿಲ್ಲುವುದಿಲ್ಲ. ಊರಿನ ಶಾಲೆಯ ಆ ಉಪಾಧ್ಯಾಯನು, ಇಂದು ಅಷ್ಟೇ ದೊಡ್ಡ ಸಂಖ್ಯೆಯಲ್ಲಿರುವ ಉಪಾಧ್ಯಾಯಿನಿಯು, ಏತರ ಬಲದಿಂದ ತಮ್ಮ ಕೆಲಸವನ್ನು ಮಾಡುತ್ತಾರೆ, ಆ ಬಲವು ಎಲ್ಲಿಂದ ಬರುತ್ತದೆ, ಎಲ್ಲಿ ಬತ್ತಿಹೋಗುತ್ತದೆ ಎಂಬುದೇ ಇಂದಿನ ಉಪನ್ಯಾಸದ ವಿಷಯವಾಗಿದೆ.

ಈ ಪ್ರಶ್ನೆಗೆ ಲೋಕದಲ್ಲಿ ಎರಡು ಉತ್ತರಗಳುಂಟು. “ಸಂಬಳ ಬರುತ್ತದೆ, ಮಾಡುತ್ತಾರೆ” ಎಂಬುದು ಒಂದು. “ಅವರು ತ್ಯಾಗಿಗಳು, ಏನನ್ನೂ ಬಯಸದೆ ಮಾಡುತ್ತಾರೆ” ಎಂಬುದು ಮತ್ತೊಂದು. ಮೊದಲನೆಯದು ಉಪಾಧ್ಯಾಯನನ್ನು ಕೂಲಿಯವನನ್ನಾಗಿ ಮಾಡುವುದು. ಎರಡನೆಯದು ಅವನನ್ನು ದೇವರ ಗುಡಿಯಲ್ಲಿ ಕೂರಿಸಿ, ಊರವರು ಕೈ ತೊಳೆದುಕೊಳ್ಳುವುದಕ್ಕೆ ಒಳ್ಳೆಯ ನೆಪವಾಗುವುದು. ಒಂದೇ ಸಂಬಳವನ್ನು ಪಡೆಯುವ ಇಬ್ಬರಲ್ಲಿ ಒಬ್ಬನು ಮಕ್ಕಳಿಗಾಗಿ ಬೇಯುವನು, ಮತ್ತೊಬ್ಬನು ಗಂಟೆಯನ್ನು ಎಣಿಸುವನು. ಆದುದರಿಂದ ಸಂಬಳವೇ ಕಾರಣವಲ್ಲ. ಉತ್ಸಾಹದಿಂದ ಬಂದ ತರುಣನು ಹತ್ತು ವರ್ಷಗಳಲ್ಲಿ ಸೋತು ಸುಮ್ಮನಾಗುವುದೂ ಉಂಟು. ಆದುದರಿಂದ ಬರಿಯ ತ್ಯಾಗಬುದ್ಧಿಯೂ ಸಾಲದು. ಇವೆರಡನ್ನೂ ಬಿಟ್ಟು, ಹಿಂದಿನ ಕಾಲದಿಂದ ವಿಚಾರಿಸಿಕೊಂಡು ಬಂದರೆ ನಿಜವು ಗೋಚರವಾಗುವುದು.

ಕನ್ನಡ ನಾಡಿನ ಶಾಸನಗಳಲ್ಲಿ “ಅಕ್ಕರಿಗ” ಎಂಬ ಮಾತು ಕಾಣಬರುತ್ತದೆ. ಅಕ್ಷರವನ್ನು ಕಲಿಸುವವನೇ ಅಕ್ಕರಿಗನು. “ಬಾಲಶಿಕ್ಷೆ”ಗೆಂದು ಭೂಮಿಯನ್ನು ಬಿಟ್ಟುಕೊಟ್ಟ ದತ್ತಿಗಳೂ ಇವೆ. ನೆರೆಯ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ಕಾಳಾಮುಖ ಶೈವರ ಕೋಡಿಯಮಠವಿದ್ದಿತು. 1162ನೆಯ ಇಸವಿಯ ಶಾಸನವು ಆ ಮಠವನ್ನು ವರ್ಣಿಸುವಾಗ, ಅಲ್ಲಿ ವೇದ ವ್ಯಾಕರಣಾದಿಗಳ ಪಾಠ ನಡೆಯುತ್ತಿದ್ದುದನ್ನೂ, ದೀನರಿಗೂ ಅನಾಥರಿಗೂ ಅನ್ನ ದೊರೆಯುತ್ತಿದ್ದುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ವಿದ್ಯೆ ಒಂದು ಕಡೆ, ಅನ್ನ ಮತ್ತೊಂದು ಕಡೆ ಎಂಬ ಭೇದವನ್ನು ಆ ಕಾಲದವರು ಎಣಿಸಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಅಂಶ. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ನಿರ್ಮಿತವಾದ ಅಮೃತೇಶ್ವರಾಲಯದ ಶಾಸನವನ್ನು ರಚಿಸಿದವನು ಜನ್ನಕವಿ. ಅಂತಹ ಬರಹ ಕಲ್ಲಿನಲ್ಲಿ ಮೂಡಬೇಕಾದರೆ ಅದನ್ನು ಓದಬಲ್ಲ ಜನವೂ ಇದ್ದಿರಬೇಕಷ್ಟೆ. ಆ ಜನಕ್ಕೆ ಓದನ್ನು ಕಲಿಸಿದ ಅಕ್ಕರಿಗರ ಹೆಸರು ಮಾತ್ರ ಯಾವ ಕಲ್ಲಿನಲ್ಲಿಯೂ ಉಳಿದಿಲ್ಲ.

ಮುಂದೆ ಆ ಅಕ್ಕರಿಗನೇ “ಐಗಳು” ಎಂಬ ಹೆಸರಿನಿಂದ ಊರೂರಿನಲ್ಲಿಯೂ ನೆಲಸಿದನು. ಅವನ ಶಾಲೆಗೆ ಕೂಲಿಮಠವೆಂದು ಹೆಸರು. ಗುಡಿಯ ಕೈಸಾಲೆಯೋ, ಮಠದ ಪಡಸಾಲೆಯೋ, ಯಾರಾದರೂ ಗೌಡರ ಮನೆಯ ಜಗಲಿಯೋ ಅವನಿಗೆ ಸಾಕು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ಅನಂತರ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕಾಗುಣಿತ, ಮಗ್ಗಿ, ಅಮರಕೋಶಗಳನ್ನು ಬಾಯಿಪಾಠ ಮಾಡುತ್ತಿದ್ದರು. ಇವೆಲ್ಲ ಆದಮೇಲೆ ಜೈಮಿನಿಭಾರತದ ಓದು. ಈ ಕಾವ್ಯವನ್ನು ಬರೆದ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನೆಂದು ಪ್ರಸಿದ್ಧನಾಗಿದ್ದಾನೆ. ಅರಸರ ಆಸ್ಥಾನಕ್ಕಿಂತಲೂ ಹೆಚ್ಚಾಗಿ ಕೂಲಿಮಠದ ಜಗಲಿಯಲ್ಲಿಯೇ ಈ ಕಾವ್ಯವು ಬಾಳಿತೆಂದರೆ ತಪ್ಪಾಗಲಾರದು. ಅದನ್ನು ಐಗಳು ರಾಗವಾಗಿ ಓದುವರು, ಮಕ್ಕಳು ಹಿಂದೆ ಹೇಳುವರು, ಬೀದಿಯಲ್ಲಿ ಹೋಗುವ ಒಕ್ಕಲಿಗನು ನೇಗಿಲನ್ನು ಇಳಿಸಿ ನಿಂತು ಕೇಳುವನು. ಹೀಗೆ ಮೈದಾನದ ಒಂದು ಹಳ್ಳಿಯ ಕವಿಯನ್ನು ಹೆಸರಿಲ್ಲದ ಸಾವಿರಾರು ಉಪಾಧ್ಯಾಯರು ಕನ್ನಡ ನಾಡಿನ ಮನೆಮನೆಗೂ ಮುಟ್ಟಿಸಿದರು. ಕವಿಯ ಕೀರ್ತಿಯಲ್ಲಿ ಅವರ ಪಾಲೂ ಇದೆ.

ಐಗಳಿಗೆ ಸಂಬಳವೆಂಬುದು ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಇಷ್ಟು ರಾಗಿ, ಇಷ್ಟು ಜೋಳ. ಹಬ್ಬಕ್ಕೆ ಕಾಯಿ, ಬೆಲ್ಲ, ಒಂದು ಪಂಚೆ. ಇದು ದಾರಿದ್ರ್ಯವೇ ಹೌದು. ಅವರಲ್ಲಿ ಕಠಿನರೂ ಇದ್ದರು. ಕೋದಂಡ ಹಾಕಿ ಮಕ್ಕಳನ್ನು ತೂಗಿಸಿದವರೂ ಇದ್ದರು. ಎಲ್ಲ ಜಾತಿಯ ಮಕ್ಕಳಿಗೂ ಎಲ್ಲ ಕಡೆಯೂ ಬಾಗಿಲು ತೆರೆದಿರಲಿಲ್ಲ. ಹೆಣ್ಣುಮಕ್ಕಳಂತೂ ಹೊರಗೇ ಉಳಿದರು. ಆ ದೋಷಗಳನ್ನು ಮರೆಮಾಚಿ ಹಿಂದಿನದೆಲ್ಲವನ್ನೂ ಹೊಗಳುವುದು ವಿವೇಕವಲ್ಲ. ಆದರೂ ಆ ವ್ಯವಸ್ಥೆಯಲ್ಲಿ ಒಂದು ಗುಣವಿದ್ದಿತು. ಐಗಳ ಮನೆಯ ಒಲೆ ಉರಿಯುತ್ತಿದೆಯೋ ಇಲ್ಲವೋ ಎಂಬುದು ಊರಿಗೆ ಗೊತ್ತಿರುತ್ತಿತ್ತು. ಊರಿನ ಯಾವ ಹುಡುಗನು ಓದುತ್ತಿದ್ದಾನೆ, ಯಾವನು ದನ ಕಾಯುವ ನೆಪದಿಂದ ತಪ್ಪಿಸಿಕೊಂಡಿದ್ದಾನೆ ಎಂಬುದು ಐಗಳಿಗೆ ಗೊತ್ತಿರುತ್ತಿತ್ತು. ಒಬ್ಬರನ್ನೊಬ್ಬರು ಬಲ್ಲ ಈ ನಂಟೇ ಆ ಶಾಲೆಯ ಅಸ್ತಿಭಾರವಾಗಿದ್ದಿತು.

1868ರಲ್ಲಿ ಮೈಸೂರು ಸೀಮೆಯಲ್ಲಿ ಹೊಸದೊಂದು ಏರ್ಪಾಡು ತಲೆದೋರಿತು. ವಿದ್ಯಾ ಇಲಾಖೆಯ ಅಧಿಕಾರಿಯಾಗಿದ್ದ ಬಿ. ಎಲ್. ರೈಸರು ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆಯನ್ನು ಜಾರಿಗೆ ತಂದರು. ಹೊಸಬರನ್ನು ಎಲ್ಲಿಂದಲೋ ತರುವುದಕ್ಕೆ ಬದಲಾಗಿ, ಊರುಗಳಲ್ಲಿ ಆಗಲೇ ಪಾಠ ಹೇಳುತ್ತಿದ್ದ ಐಗಳನ್ನೇ ಆರಿಸಿ, ನಾರ್ಮಲ್ ಸ್ಕೂಲಿನಲ್ಲಿ ಶಿಕ್ಷಣ ಕೊಟ್ಟು, ಸರ್ಕಾರದ ಸಂಬಳದ ಮೇಲೆ ನೇಮಿಸುವುದು ಆ ಯೋಜನೆಯ ಮರ್ಮ. ಶಾಲೆಗೆ ಮನೆಯನ್ನು ಒದಗಿಸುವುದು ಊರವರ ಹೊಣೆ. ಈ ರೈಸರೇ ಶಾಲೆಗಳ ತನಿಖೆಗೆಂದು ಊರೂರು ತಿರುಗುತ್ತ, ಗಿಡಗಂಟಿಗಳಲ್ಲಿ ಬಿದ್ದಿದ್ದ ಶಾಸನಗಳನ್ನು ಕಂಡು ಅವುಗಳನ್ನು ಓದಿಸಿ ಪ್ರಕಟಿಸಿದವರು. ಕಡೂರು ಜಿಲ್ಲೆಯ ಶಾಸನಗಳ ಸಂಪುಟವು 1901ರಲ್ಲಿ ಹೊರಬಂದಿತು. ಶಾಲೆಯ ಹಾದಿಯಲ್ಲಿ ನಡೆದ ಕಾಲುಗಳೇ ಕಲ್ಲಿನ ಅಕ್ಷರಗಳ ಬಳಿಗೂ ಹೋದುವೆಂಬುದು ಚಿಂತನೀಯವಾದ ವಿಷಯ.

ಆಮೇಲೆ 1913ರಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಬಂದು, ಆಯ್ದ ಸ್ಥಳಗಳಲ್ಲಿ ಬಾಲಕರಿಗೆ ಶಾಲೆ ಕಡ್ಡಾಯವಾಯಿತು. ಇತ್ತ 2010ನೆಯ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ವಿದ್ಯೆಯು ಕಾನೂನಿನ ಹಕ್ಕೇ ಆಗಿದೆ. ಇದು ಸಾಮಾನ್ಯವಾದ ಲಾಭವಲ್ಲ. ಹಿಂದೆ ಜಗಲಿಯ ಕೆಳಗೆ ನಿಂತಿದ್ದ ಮಗುವು ಇಂದು ಮೊದಲನೆಯ ಸಾಲಿನಲ್ಲಿ ಕುಳಿತಿದೆ. ಹೊರಗುಳಿದಿದ್ದ ಹೆಣ್ಣುಮಗಳು ಇಂದು ತಾನೇ ಉಪಾಧ್ಯಾಯಿನಿಯಾಗಿ ಹಲಗೆಯ ಮುಂದೆ ನಿಂತಿದ್ದಾಳೆ. ಆದರೆ ಈ ಲಾಭದ ಜೊತೆಯಲ್ಲಿಯೇ ಒಂದು ನಷ್ಟವೂ ಸದ್ದಿಲ್ಲದೆ ಒಳಹೊಕ್ಕಿತು. ಊರಿನವನಾಗಿದ್ದ ಐಗಳು ಸರ್ಕಾರದವನಾದನು. ಅವನ ಒಲೆಯ ಚಿಂತೆ ಊರಿಗೆ ತಪ್ಪಿತು. ಅದರೊಡನೆಯೇ ಅವನ ಕೆಲಸದ ಚಿಂತೆಯೂ ತಪ್ಪಿತು.

ಹೀಗೆ ಊರಿಗೂ ಸರ್ಕಾರಕ್ಕೂ ನಡುವೆ ನಿಂತ ಉಪಾಧ್ಯಾಯನ ಸ್ಥಿತಿಯನ್ನು ಚೆನ್ನಾಗಿ ಬಲ್ಲವರೊಬ್ಬರು ಕನ್ನಡದಲ್ಲಿ ಬರೆದಿದ್ದಾರೆ. ಅವರು ಎಂ. ಆರ್. ಶ್ರೀನಿವಾಸಮೂರ್ತಿಗಳು. ಮಠದ ಭಕ್ತರಿಗೆ ಅವರು “ಭಕ್ತಿಭಂಡಾರಿ ಬಸವಣ್ಣನವರು”, “ವಚನಧರ್ಮಸಾರ” ಎಂಬ ಗ್ರಂಥಗಳ ಕರ್ತೃಗಳಾಗಿ ಪರಿಚಿತರು. ಆದರೆ ಅವರ ಜೀವಮಾನದ ವೃತ್ತಿ ಮೈಸೂರಿನ ವಿದ್ಯಾ ಇಲಾಖೆಯದು. ಅವರ “ರಂಗಣ್ಣನ ಕನಸಿನ ದಿನಗಳು” ಎಂಬ ಕಾದಂಬರಿಯಲ್ಲಿ ರಂಗಣ್ಣನು ಶಾಲೆಗಳ ಇನ್‌ಸ್ಪೆಕ್ಟರು. ಜುಲ್ಮಾನೆಯ ಭಯದಿಂದ ನಡುಗುತ್ತಿದ್ದ ಬಡ ಮೇಷ್ಟ್ರುಗಳ ಬಳಿಗೆ ಅವನು ದಂಡವನ್ನು ಬದಿಗಿಟ್ಟು ಹೋಗುತ್ತಾನೆ. ಅವರ ಕಷ್ಟವನ್ನು ಕೇಳುತ್ತಾನೆ. ಅವರನ್ನು ಸಂಘಗಳಲ್ಲಿ ಒಟ್ಟುಗೂಡಿಸುತ್ತಾನೆ. ಗ್ರಂಥದ ತಾತ್ಪರ್ಯವು ಸ್ಪಷ್ಟವಾಗಿದೆ: ಹೆದರಿಸಿದರೆ ರಿಜಿಸ್ಟರು ಸರಿಯಾಗುವುದು, ಆದರಿಸಿದರೆ ಪಾಠವು ಸರಿಯಾಗುವುದು.

ಇನ್ನು ಪ್ರೇರಣೆಯ ಮೂಲವನ್ನು ನೋಡೋಣ. ಬಲ್ಲವರು ವಿಚಾರಿಸಿದರೆ ಮೂರು ಊಟೆಗಳು ಕಾಣುವುವು.

ಮೊದಲನೆಯದು ತನ್ನ ಗುರುವಿನ ನೆನಪು. ಒಳ್ಳೆಯ ಉಪಾಧ್ಯಾಯನ ಹಿಂದೆ ಒಬ್ಬ ಒಳ್ಳೆಯ ಉಪಾಧ್ಯಾಯನು ಸಾಮಾನ್ಯವಾಗಿ ಇದ್ದೇ ಇರುವನು. ಕುವೆಂಪು ಅವರು 1904ರಲ್ಲಿ ಅಂದಿನ ಕಡೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದರು. ಅವರ ಗುರುಗಳು ಚಳ್ಳಕೆರೆ ಸೀಮೆಯ ತಳುಕಿನ ಟಿ. ಎಸ್. ವೆಂಕಣ್ಣಯ್ಯನವರು. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷಗಳು ಕಳೆದು, 1949ರಲ್ಲಿ “ಶ್ರೀ ರಾಮಾಯಣ ದರ್ಶನಂ” ಹೊರಬರುವಾಗ, ಶಿಷ್ಯನು ಆ ಮಹಾಕಾವ್ಯವನ್ನು ಅರ್ಪಿಸಿದುದು ಆ ಗುರುವಿಗೆ. ಗುರುವು ಬದುಕಿದ್ದಾಗ ಸಲ್ಲಿಸುವ ಮರ್ಯಾದೆಯಲ್ಲಿ ಲೋಕದ ಲೆಕ್ಕಾಚಾರವೂ ಸೇರಿರಬಹುದು. ಗುರುವು ಹೋಗಿ ಹತ್ತು ವರ್ಷಗಳಾದ ಮೇಲೆ ಸಲ್ಲಿಸುವುದರಲ್ಲಿ ಅದಾವುದೂ ಇರಲಾರದು. ಅಂತೆಯೇ ರಾಷ್ಟ್ರಕವಿ ಜಿ. ಎಸ್. ಶಿವರುದ್ರಪ್ಪನವರ ತಂದೆ ಶಾಂತವೀರಪ್ಪನವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಆ ಮನೆಯಲ್ಲಿ ಬೆಳೆದ ಮಗನು ಕವಿಯಾದುದಲ್ಲದೆ ತಾನೂ ಜೀವಮಾನವೆಲ್ಲ ಅಧ್ಯಾಪಕನಾಗಿಯೇ ದುಡಿದನು. ಒಂದು ದೀಪದಿಂದ ಇನ್ನೊಂದನ್ನು ಹೊತ್ತಿಸಿದರೆ ಮೊದಲನೆಯದಕ್ಕೆ ಕೊರತೆಯಾಗದೆಂಬ ಮಾತು ವಿದ್ಯೆಯ ವಿಷಯದಲ್ಲಿ ಅಕ್ಷರಶಃ ನಿಜ.

ಎರಡನೆಯದು ಮಗುವೇ. ಇದನ್ನು ತಿಳಿಯಬೇಕಾದರೆ ಹಳ್ಳಿಯ ಚಿಕ್ಕ ಶಾಲೆಯೊಂದರ ದಿನಚರಿಯನ್ನು ಯೋಚಿಸಬೇಕು. ಕಡೂರಿನ ಪೂರ್ವಕ್ಕೆ ಮಳೆ ಕಡಮೆ. ಅಮೃತಮಹಲ್ ದನಗಳ ಹುಲ್ಲುಗಾವಲುಗಳ ಅಂಚಿನ ಹಳ್ಳಿಗಳು. ಅಜ್ಜಂಪುರದ ಕಡೆ ಈರುಳ್ಳಿಯ ಹೊಲಗಳು. ತರೀಕೆರೆಯ ಪಡುವಲಿಗೆ ಹೋದರೆ ಅಡಕೆಯ ತೋಟ, ಭದ್ರೆಯ ನೀರು, ಕಾಡಿನ ನೆರಳು. ಈ ಮೂರು ಬಗೆಯ ನೆಲದಲ್ಲಿಯೂ ಒಬ್ಬರೋ ಇಬ್ಬರೋ ಉಪಾಧ್ಯಾಯರಿರುವ ಶಾಲೆಗಳುಂಟು. ಒಂದೇ ಕೊಠಡಿಯಲ್ಲಿ ಮೂರು ನಾಲ್ಕು ತರಗತಿಗಳು. ಒಂದು ತರಗತಿಗೆ ಬರೆಯುವ ಕೆಲಸ ಕೊಟ್ಟು, ಎರಡನೆಯದಕ್ಕೆ ಲೆಕ್ಕ ಹಾಕಿಕೊಟ್ಟು, ಮೂರನೆಯದರ ಮುಂದೆ ಪುಸ್ತಕ ಹಿಡಿದು ನಿಲ್ಲುವಷ್ಟರಲ್ಲಿ ಮೊದಲನೆಯದು ಬರೆದು ಮುಗಿಸಿರುತ್ತದೆ. ನಡುವೆ ಬಿಸಿಯೂಟದ ಅಕ್ಕಿಯ ಲೆಕ್ಕ, ಹಾಲಿನ ಲೆಕ್ಕ, ಹಾಜರಿಯ ಲೆಕ್ಕ. ಜನಗಣತಿ, ಚುನಾವಣೆಗಳಿಗೆ ಹೋಗಬೇಕಾದುದೂ ಕಾನೂನಿನಲ್ಲಿಯೇ ಇದೆ.

ಇಷ್ಟರ ನಡುವೆ ಒಂದು ಮಗು ಒತ್ತಕ್ಷರದ ಬಳಿ ನಿಂತುಬಿಡುತ್ತದೆ. “ಅಮ್ಮ” ಎಂದು ಬಾಯಲ್ಲಿ ಹೇಳುತ್ತದೆ, ಬರೆಯುವಾಗ “ಅಮ” ಎಂದು ಬರೆಯುತ್ತದೆ. ಒಂದು ದಿನ, ಹತ್ತು ದಿನ, ಒಂದು ತಿಂಗಳು ಹೀಗೆಯೇ. ಉಪಾಧ್ಯಾಯಿನಿಯು ಬೈಯಬಹುದು, ಬಿಟ್ಟು ಮುಂದಕ್ಕೆ ಹೋಗಬಹುದು. ಯಾವ ತನಿಖೆಯಲ್ಲಿಯೂ ಅದು ಸಿಕ್ಕಿಬೀಳುವುದಿಲ್ಲ. ಅದನ್ನು ಮಾಡದೆ ಆಕೆ ಮಗುವನ್ನು ಬಳಿಯಲ್ಲಿ ಕೂರಿಸಿಕೊಂಡು, ಆ ಮಾತನ್ನು ಎಳೆದು ಹೇಳಿಸಿ, ಎರಡು ತುಟಿಗಳೂ ಅರೆಗಳಿಗೆ ಕೂಡಿ ನಿಲ್ಲುವುದನ್ನು ಕೈಬೆರಳಿನಿಂದ ಮುಟ್ಟಿ ತೋರಿಸುತ್ತಾಳೆ. ಒಂದು ದಿನ ಮಗುವಿಗೆ ಅದು ತಿಳಿಯುತ್ತದೆ. ಅಂದು ಹಲಗೆಯ ಮೇಲೆ ಒತ್ತು ಮೂಡುತ್ತದೆ. ಮಗುವು ತಲೆಯೆತ್ತಿ ನೋಡುತ್ತದೆ. ಆ ನೋಟಕ್ಕೆ ಬೆಲೆ ಕಟ್ಟಲಾಗದು. ಸೋತ ಉಪಾಧ್ಯಾಯರನ್ನು ಮರುದಿನ ಮತ್ತೆ ಶಾಲೆಗೆ ಎಳೆದು ತರುವುದು ಅದೇ. ಕಾಯಕವು ಹೊರಗಿನಿಂದ ಫಲವನ್ನು ತರುವುದಿಲ್ಲ, ತನ್ನೊಳಗೇ ಫಲವನ್ನು ಇಟ್ಟುಕೊಂಡಿರುತ್ತದೆ ಎಂಬ ಶರಣರ ತತ್ತ್ವಕ್ಕೆ ಇದಕ್ಕಿಂತ ಸುಲಭವಾದ ದೃಷ್ಟಾಂತ ಸಿಕ್ಕಲಾರದು. ಪ್ರೇರಣೆಯಿದ್ದು ಕೆಲಸ ಹುಟ್ಟುವುದೆಂದು ಜನ ತಿಳಿದಿರುವರು. ಅನೇಕ ವೇಳೆ ಕೆಲಸವನ್ನು ಮನಸ್ಸಿಟ್ಟು ಮಾಡುತ್ತ ಹೋದುದರಿಂದಲೇ ಪ್ರೇರಣೆಯು ಹುಟ್ಟುವುದು.

ಮೂರನೆಯ ಊಟೆಯು ಜೊತೆಗಾರರ ಮತ್ತು ಸಮಾಜದ ಬೆಂಬಲ. 1916ನೆಯ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ತರುಣ ಉಪಾಧ್ಯಾಯರು ಸೇರಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದರು. ಶಿ. ಶಿ. ಬಸವನಾಳರೂ, ಎಂ. ಆರ್. ಸಾಖರೆಯವರೂ ಆ ಏಳ್ವರಲ್ಲಿ ಸೇರಿದವರು. ಜನರು ಅವರನ್ನು ಸಪ್ತರ್ಷಿಗಳೆಂದು ಕರೆದರು. ಕಲಿತ ವಿದ್ಯೆಗೆ ಸರ್ಕಾರದಲ್ಲಿ ಒಳ್ಳೆಯ ಉದ್ಯೋಗ ದೊರೆಯುತ್ತಿದ್ದ ಕಾಲದಲ್ಲಿ ಅವರು ತಮ್ಮ ಬಾಳನ್ನು ಒಂದು ಶಾಲೆಗೆ ತೆತ್ತುಕೊಂಡರು. ಇದನ್ನು ಎಲ್ಲರೂ ಬಲ್ಲರು. ಆದರೆ ಅಷ್ಟಾಗಿ ಹೇಳದಿರುವ ಸಂಗತಿಯೊಂದುಂಟು. ಆ ಏಳ್ವರ ತ್ಯಾಗವು ನಿಂತುದು ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದ ದಾನಿಗಳ ಔದಾರ್ಯದ ಮೇಲೆ. ಅವರಿಬ್ಬರ ಹೆಸರೂ ಅಲ್ಲಿಯ ಹೈಸ್ಕೂಲಿನಲ್ಲಿ ಇಂದಿಗೂ ಉಳಿದಿದೆ. ಉಪಾಧ್ಯಾಯರು ಕಾಯಕವನ್ನು ಮಾಡಿದರು, ಸಮಾಜವು ದಾಸೋಹವನ್ನು ಮಾಡಿತು. ಒಂದನ್ನು ಬಿಟ್ಟು ಒಂದಿದ್ದರೆ ಆ ಸಂಸ್ಥೆಯು ಹತ್ತು ವರ್ಷವೂ ಬಾಳುತ್ತಿರಲಿಲ್ಲ.

ಶರಣಬಂಧುಗಳೆ, ಈ ಮೂರು ಊಟೆಗಳಲ್ಲಿ ಮೊದಲೆರಡು ಉಪಾಧ್ಯಾಯರ ಬಳಿಯಲ್ಲಿವೆ. ಮೂರನೆಯದು ಊರಿನ ಕೈಯಲ್ಲಿದೆ. ಇಂದು ಬತ್ತುತ್ತಿರುವುದು ಅದೇ.

ಈ ಸೀಮೆಯ ಜನರಿಗೆ ಕೆರೆಯ ವಿಷಯವನ್ನು ಹೇಳಿಕೊಡಬೇಕಾಗಿಲ್ಲ. ಅಯ್ಯನಕೆರೆ, ಮದಗದಕೆರೆಗಳ ನೀರನ್ನು ಕುಡಿದು ಬೆಳೆದ ಊರುಗಳಿವು. ಕೆರೆಯನ್ನು ಕಟ್ಟಿಸಿದವನು ಪುಣ್ಯವಂತನು. ಆದರೆ ಕೆರೆ ಉಳಿಯುವುದು ಅವನಿಂದಲ್ಲ. ವರ್ಷವರ್ಷವೂ ಹೂಳನ್ನೆತ್ತಿ, ಏರಿಯ ಗಿಡವನ್ನು ಕಿತ್ತು, ತೂಬನ್ನು ನೋಡಿಕೊಳ್ಳುವ ಊರವರಿಂದ. ಸರ್ಕಾರವು ಶಾಲೆಯನ್ನು ಕಟ್ಟಬಹುದು, ಸಂಬಳವನ್ನು ಕೊಡಬಹುದು. ಮಧ್ಯಾಹ್ನದ ಊಟವನ್ನೂ ಕೊಡುತ್ತದೆ. 2002ರಲ್ಲಿ ಆರಂಭವಾದ ಆ ಯೋಜನೆಗೆ “ಅಕ್ಷರ ದಾಸೋಹ” ಎಂದು ಶರಣರ ಮಾತನ್ನೇ ಹೆಸರಾಗಿ ಇಟ್ಟಿದೆ. 2001ರಿಂದ ಶಾಲೆಗೊಂದು ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಏರ್ಪಡಿಸಿ ತಂದೆತಾಯಿಗಳಿಗೇ ಅಧಿಕಾರವನ್ನು ಕೊಟ್ಟಿದೆ. ಹೂಳೆತ್ತುವವರು ಮಾತ್ರ ಬೇರೆಲ್ಲಿಂದಲೂ ಬರಲಾರರು.

ಹೂಳು ಯಾವುದೆಂದರೆ: ಈರುಳ್ಳಿ ಕೀಳುವ ಕಾಲದಲ್ಲಿ, ರಾಗಿಯ ಕೊಯ್ಲಿನಲ್ಲಿ, ಮಗಳನ್ನು ಹದಿನೈದು ದಿವಸ ಶಾಲೆ ಬಿಡಿಸುವುದು ಹೂಳು. ಆ ಹದಿನೈದು ದಿವಸಗಳಲ್ಲಿ ಉಪಾಧ್ಯಾಯರು ಆರು ತಿಂಗಳು ಕಟ್ಟಿದುದು ಕುಸಿಯುವುದು. ಜಾತ್ರೆಯ ವಂತಿಗೆಗೆ ಮನೆಮನೆಗೆ ಹೋಗುವ ಹಿರಿಯರು, ಶಾಲೆಯ ಹೆಂಚು ಒಡೆದು ಎರಡು ಮಳೆಗಾಲವಾದರೂ ತಲೆಯೆತ್ತಿ ನೋಡದಿರುವುದು ಹೂಳು. ಅನುಕೂಲವಿರುವವರು ತಮ್ಮ ಮಕ್ಕಳನ್ನು ಬೆಳಗಾಗುತ್ತಲೇ ವ್ಯಾನಿನಲ್ಲಿ ಪಟ್ಟಣದ ಶಾಲೆಗೆ ಕಳುಹಿಸುವುದನ್ನು ಯಾರೂ ತಪ್ಪೆನ್ನಲಾಗದು; ಮಕ್ಕಳ ಏಳಿಗೆಯನ್ನು ಯಾರು ತಾನೆ ಬಯಸರು? ಆದರೆ ಅಂದಿನಿಂದ ಊರಿನ ಶಾಲೆಯ ಕಡೆ ಅವರ ದೃಷ್ಟಿಯೂ ಹೊರಟುಹೋಗುವುದು ಹೂಳು. ಮಾತು ಬಲ್ಲವರೆಲ್ಲರೂ ಹೊರಟುಹೋದ ಮೇಲೆ ಅಲ್ಲಿ ಉಳಿಯುವುದು ಕೂಲಿಯವರ ಮಕ್ಕಳು. ಅವರ ಪರವಾಗಿ ಸಮಿತಿಯಲ್ಲಿ ಮಾತನಾಡುವವರು ಯಾರೂ ಇಲ್ಲ. ಮಕ್ಕಳ ಸಂಖ್ಯೆ ಇಳಿಯುತ್ತದೆ. ಒಬ್ಬ ಉಪಾಧ್ಯಾಯರನ್ನು ಬೇರೆ ಕಡೆಗೆ ಹಾಕುತ್ತಾರೆ. ಉಳಿದವರೊಬ್ಬರು ಬರಿದಾಗುತ್ತಿರುವ ಕೊಠಡಿಯನ್ನು ನೋಡುತ್ತ ಪಾಠ ಹೇಳಬೇಕು. ಅಂತಹ ಕೊಠಡಿಯಲ್ಲಿ ಪ್ರೇರಣೆಯ ಮಾತನ್ನಾಡುವುದು ಉಪಹಾಸವಾದೀತು.

ವರ್ಷಕ್ಕೊಮ್ಮೆ, ಸೆಪ್ಟೆಂಬರ್ 5ರಂದು, ಉಪಾಧ್ಯಾಯರಿಗೆ ಶಾಲು ಹೊದಿಸಿ ಹಾರ ಹಾಕುವರು. ಅದು ಒಳ್ಳೆಯ ಸಂಪ್ರದಾಯವೇ. ಆದರೆ ಊರಿಗೆ ಬಂದ ಉಪಾಧ್ಯಾಯಿನಿಗೆ ಬಾಡಿಗೆಯ ಮನೆಯನ್ನು ಕೊಡುವಾಗ ಜಾತಿಯನ್ನು ಕೇಳಿ, ಆಮೇಲೆ ವೇದಿಕೆಯ ಮೇಲೆ “ಗುರುವೇ ದೈವ” ಎನ್ನುವುದರಲ್ಲಿ ಏನು ಸಾರ್ಥಕ? ಹನ್ನೆರಡನೆಯ ಶತಮಾನದಲ್ಲಿ ಶರಣರು ಕಾಯಕದಿಂದ ಮನುಷ್ಯನನ್ನು ಅಳೆದರೇ ಹೊರತು ಕುಲದಿಂದ ಅಳೆಯಲಿಲ್ಲ. ಅವರ ಹೆಸರನ್ನು ಹೇಳುವ ಮನೆಗಳಲ್ಲಿಯಾದರೂ ಆ ಪ್ರಶ್ನೆ ಹುಟ್ಟಬಾರದು.

ಆದುದರಿಂದ ಭಕ್ತರ ಮುಂದೆ ಇಡುವ ಬಿನ್ನಹವು ದೊಡ್ಡದಲ್ಲ. ಸುಗ್ಗಿಯಾಗಲಿ, ಜಾತ್ರೆಯಾಗಲಿ, ಮಗುವನ್ನು ಶಾಲೆ ತಪ್ಪಿಸದಿರುವುದು. ತಮ್ಮ ಮಕ್ಕಳು ಅಲ್ಲಿ ಓದಲಿ ಓದದಿರಲಿ, ತಿಂಗಳಿಗೊಮ್ಮೆ ಊರಿನ ಶಾಲೆಗೆ ಹೋಗಿ ಬರುವುದು, ಹೋದಾಗ ತಪ್ಪನ್ನು ಹುಡುಕುವುದಕ್ಕೆ ಮೊದಲು “ಮೇಷ್ಟ್ರೇ, ಏನು ಬೇಕಾಗಿದೆ?” ಎಂದು ಒಂದು ಮಾತು ಕೇಳುವುದು. ಶ್ರೀಮಠಕ್ಕೆ ಕಾಣಿಕೆ ತರುವವರು ಅದರಲ್ಲೊಂದು ಪಾಲನ್ನು ತಮ್ಮ ಊರಿನ ಶಾಲೆಯ ಗೋಡೆಗೆ, ಹಲಗೆಗೆ, ಪುಸ್ತಕಕ್ಕೆ ಸಲ್ಲಿಸುವುದು. ಮಠಕ್ಕೆ ಅದರಿಂದ ಕೊರತೆಯಾಗುವುದಿಲ್ಲ. ಬಳ್ಳಿಗಾವಿಯ ಕಾಲದಿಂದಲೂ ಅನ್ನವನ್ನೂ ಅಕ್ಷರವನ್ನೂ ಕೂಡಿಯೇ ಬಡಿಸಿದುದು ಮಠಗಳ ಧರ್ಮ. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರು ಸಾವಿರಾರು ಬಡಮಕ್ಕಳಿಗೆ ಉಣಿಸಿ ಓದಿಸಿ ತೋರಿಸಿದುದೂ ಅದನ್ನೇ.

ಉಪಾಧ್ಯಾಯ ಬಂಧುಗಳಿಗೆ ಹೇಳತಕ್ಕದ್ದು ಇನ್ನೂ ಕಡಮೆ. ಊರು ನೋಡಲಿ ಬಿಡಲಿ, ತಪಾಸಣೆ ಬರಲಿ ಬಾರದಿರಲಿ, ಒತ್ತಕ್ಷರದ ಬಳಿ ನಿಂತಿರುವ ಮಗುವನ್ನು ಬಿಟ್ಟು ಮುಂದಕ್ಕೆ ಹೋಗದಿರುವವರು ಈ ಸಭೆಯಲ್ಲಿಯೇ ಅನೇಕರಿದ್ದೀರಿ. ಅಮೃತಾಪುರದ ಕಲ್ಲಿನಲ್ಲಿ ಅಕ್ಕರಿಗರ ಹೆಸರು ಇಲ್ಲ. ದೇವನೂರಿನ ಕವಿಯನ್ನು ಹಾಡಿಸಿದ ಐಗಳ ಹೆಸರೂ ಇಲ್ಲ. ಆದರೂ ಕಲ್ಲನ್ನು ಓದುವವರು ಉಳಿದರು, ಕಾವ್ಯವನ್ನು ಹಾಡುವವರು ಉಳಿದರು. ಆ ಉಳಿವೇ ಅವರ ಶಾಸನ. ನಾಳೆ ಬೆಳಿಗ್ಗೆ ಶಾಲೆಯ ಗಂಟೆ ಬಾರಿಸಿದಾಗ ನಿಮ್ಮ ಕಾಯಕ ನಡೆಯುವುದೆಂಬುದರಲ್ಲಿ ಸಂದೇಹವಿಲ್ಲ. ಆ ಗಂಟೆಯು ಊರಿನ ಕಿವಿಗೂ ಕೇಳಿಸಲಿ. ಊರಿನ ದಾಸೋಹವೂ ಅಂದೇ ಆರಂಭವಾಗಲಿ.